ಚಿತ್ರಕ್ಕೆ 118 ಕೋಟಿ, ಚಿತ್ರಕಾರರಿಗೆ ಎಷ್ಟು?

2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಎಂಬ ವರ್ಣಚಿತ್ರ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಮರು ತಿಂಗಳೇ ತೈಯಬ್ ಮೆಹ್ತಾ ಅವರ ಕಟ್ಟಿಹಾಕಿದ ಗೂಳಿಯ ಚಿತ್ರ ಮುಂಬೈಯಲ್ಲಿ 61.8 ಕೋಟಿಗೆ ಮಾರಾಟವಾಯಿತು. ಸೆಪ್ಟೆಂಬರ್‌ನಲ್ಲಿ ವಿ.ಎಸ್. ಗಾಯ್ತೊಂಡೆ ಅವರ ಚಿತ್ರಕ್ಕೆ 67 ಕೋಟಿ ಬಂತು. ಅದೇ ತಿಂಗಳು ಕೇಂದ್ರ ಸರ್ಕಾರ ಕಲಾಕೃತಿಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಿತು.

ಈ ಸುದ್ದಿಗಳನ್ನು ಓದಿದವರಿಗೆ ಚಿತ್ರಕಲೆ ಈಗ ಒಳ್ಳೆ ಕಾಸು ಬರುವ ಕಸುಬು ಅನ್ನಿಸಿದ್ದರೆ ತಪ್ಪಿಲ್ಲ. ಆದರೆ ಇದೇ ವೇಳೆ ಕಲಾಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಕೇಳಿದರೆ ಬೇರೆಯದೇ ಮಾತು ಬರುತ್ತದೆ. ಪ್ರದರ್ಶನ ಮಾಡಿದರೆ ಹಾಲ್ ಬಾಡಿಗೆ ಕೂಡ ಹುಟ್ಟುವುದಿಲ್ಲ ಎನ್ನುತ್ತಾರೆ. ಎರಡೂ ನಿಜ. ಒಂದೇ ಕ್ಷೇತ್ರದಲ್ಲಿ ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದೇ ಗೊಂದಲ. ಅದನ್ನು ಬಿಡಿಸಲು ಮೊದಲು ಆ 118 ಕೋಟಿ ಯಾರ ಕೈಗೆ ಹೋಯಿತು ಅಂತ ನೋಡಬೇಕು.

1,400 ರೂಪಾಯಿಯ ಚಿತ್ರ

ಹುಸೇನ್ ‘ಗ್ರಾಮ ಯಾತ್ರಾ’ ಬರೆದದ್ದು 1954ರಲ್ಲಿ. ಹೆಚ್ಚುಕಡಿಮೆ 14 ಅಡಿ ಅಗಲದ ಕ್ಯಾನ್ವಾಸ್. ಅದರಲ್ಲಿ 13 ಚಿಕ್ಕ ಚೌಕಟ್ಟುಗಳು. ಅಡುಗೆ ಮಾಡುವ ಹೆಂಗಸು, ಮಗುವನ್ನು ನೋಡಿಕೊಳ್ಳುವ ತಾಯಿ, ಬಂಡಿಯಲ್ಲಿ ಕೂತವರು, ಹೊಲದ ಪಕ್ಕದ ರೈತ, ಹೀಗೆ ಒಂದು ಹಳ್ಳಿಯ ದಿನವೆಲ್ಲ ಅಲ್ಲಿದೆ. ಸ್ವಾತಂತ್ರ್ಯ ಬಂದು ಏಳೇ ವರ್ಷವಾಗಿತ್ತು. ಹೊಸ ದೇಶ ಅಂದರೆ ಹಳ್ಳಿ ಎಂದು ನಂಬಿದ್ದ ಕಾಲದ ಚಿತ್ರ ಇದು.

ಆಗ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕೆಂದು ಬಂದಿದ್ದ ಲಿಯಾನ್ ವೊಲೊದಾರ್‌ಸ್ಕಿ ಎಂಬ ನಾರ್ವೆಯ ವೈದ್ಯರು ಇದನ್ನು 1,400 ರೂಪಾಯಿ ಕೊಟ್ಟು ಕೊಂಡರು. 1964ರಲ್ಲಿ ಅದು ಓಸ್ಲೋದ ವಿಶ್ವವಿದ್ಯಾಲಯ ಆಸ್ಪತ್ರೆಗೆ ದಾನವಾಗಿ ಹೋಯಿತು. ಹತ್ತಾರು ವರ್ಷ ಆ ಚಿತ್ರ ಆಸ್ಪತ್ರೆಯ ಒಳಗಿನ ಒಂದು ಓಣಿಯಲ್ಲಿ ತೂಗುತ್ತಿತ್ತು. ಕಲಾಪ್ರಪಂಚದ ಕಣ್ಣಿಗೆ ಅದು ಬೀಳಲೇ ಇಲ್ಲ.

2025ರಲ್ಲಿ ಮಾರಿದ್ದು ಆಸ್ಪತ್ರೆ. ಹರಾಜು ಸಂಸ್ಥೆಯ ಶುಲ್ಕ ಕಳೆದು ಉಳಿದ ಹಣ ವೈದ್ಯರ ತರಬೇತಿಗೆ ಎಂದು ಹೇಳಲಾಯಿತು. ಒಳ್ಳೆಯ ಉದ್ದೇಶವೇ. ಆದರೆ ಹುಸೇನ್ 2011ರಲ್ಲೇ ತೀರಿಕೊಂಡಿದ್ದರು. ಈ ಚಿತ್ರದಿಂದ ಅವರ ಕೈ ಸೇರಿದ್ದು 1954ರ ಆ 1,400 ರೂಪಾಯಿ ಮಾತ್ರ. ಅಂದರೆ 118 ಕೋಟಿ ಎಂಬುದು ಚಿತ್ರದ ಬೆಲೆಯೇ ಹೊರತು ಚಿತ್ರಕಾರರ ಗಳಿಕೆ ಅಲ್ಲ.

ಮೊದಲ ಮಾರಾಟ, ಮರುಮಾರಾಟ

ಕಲೆಯಲ್ಲಿ ಎರಡು ಮಾರುಕಟ್ಟೆಗಳಿವೆ. ಕಲಾವಿದರ ಸ್ಟುಡಿಯೋದಿಂದ, ಗ್ಯಾಲರಿಯಿಂದ ಅಥವಾ ಪ್ರದರ್ಶನದಿಂದ ಚಿತ್ರ ಮೊದಲ ಬಾರಿ ಕೊಳ್ಳುವವರ ಮನೆಗೆ ಹೋಗುವುದು ಮೊದಲನೆಯದು. ಕೊಂಡವರು ಅದನ್ನು ಮತ್ತೆ ಮಾರುವುದು ಎರಡನೆಯದು. ಹರಾಜಿನ ಸುದ್ದಿಗಳು ಹೆಚ್ಚುಕಡಿಮೆ ಎಲ್ಲವೂ ಎರಡನೆಯದರದ್ದು. ಬದುಕಿರುವ ಕಲಾವಿದರ ಅನ್ನ ಇರುವುದು ಮೊದಲನೆಯದರಲ್ಲಿ.

ಎರಡರಲ್ಲೂ ಬೆಲೆ ಏರುವ ಕಾರಣವೇ ಬೇರೆ. ಗಾಯ್ತೊಂಡೆ ಅವರನ್ನೇ ನೋಡಿ. ದೆಹಲಿಯ ನಿಜಾಮುದ್ದೀನ್‌ನಲ್ಲಿ ಚಿಕ್ಕದೊಂದು ಮನೆಯಲ್ಲಿ ಇದ್ದವರು ಅವರು. ವರ್ಷಕ್ಕೆ ಐದಾರು ಕ್ಯಾನ್ವಾಸ್ ಮುಗಿಸಿದರೆ ಹೆಚ್ಚು. 2001ರಲ್ಲಿ ತೀರಿಕೊಂಡಾಗ ದೊಡ್ಡ ಸುದ್ದಿಯಾಗಲಿಲ್ಲ. 2014ರಲ್ಲಿ ನ್ಯೂಯಾರ್ಕ್‌ನ ಗುಗೆನ್‌ಹೈಮ್ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಪ್ರದರ್ಶನ ಮಾಡಿತು. ಚಿತ್ರಗಳು ಕಡಿಮೆ, ಹೊಸದು ಇನ್ನು ಬರುವುದಿಲ್ಲ, ದೊಡ್ಡ ಮ್ಯೂಸಿಯಂನ ಮೊಹರು ಬಿದ್ದಿದೆ. ಈ ಮೂರೂ ಸೇರಿದಾಗ ದುಡ್ಡಿದ್ದವರಿಗೆ ಧೈರ್ಯ ಬರುತ್ತದೆ, ಬೆಲೆ ಏರುತ್ತದೆ.

ಮೂವತ್ತು ವರ್ಷದ ಕಲಾವಿದೆಯ ವಿಷಯದಲ್ಲಿ ಈ ಮೂರೂ ಉಲ್ಟಾ. ಅವರು ಇನ್ನೂ ನೂರಾರು ಚಿತ್ರ ಬರೆಯಬಹುದು. ಶೈಲಿ ಬದಲಾಗಬಹುದು. ಮ್ಯೂಸಿಯಂ ಯಾವುದೂ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಕೊಳ್ಳುವವರು ತಮ್ಮ ಕಣ್ಣನ್ನು ಮಾತ್ರ ನಂಬಿ ದುಡ್ಡು ಕೊಡಬೇಕು. ಅಂಥ ಧೈರ್ಯ ಇರುವವರು ಯಾವ ಊರಲ್ಲೂ ಕಡಿಮೆಯೇ.

ಒಂದು ಚಿತ್ರದ ಲೆಕ್ಕ

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೂರಡಿ ನಾಲ್ಕಡಿಯ ಕ್ಯಾನ್ವಾಸ್. ಗೋಡೆಯ ಮೇಲಿನ ಚೀಟಿಯಲ್ಲಿ ಬೆಲೆ 60,000 ರೂಪಾಯಿ.

ಗ್ಯಾಲರಿಗಳು ಸಾಮಾನ್ಯವಾಗಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕಮಿಷನ್ ಇಟ್ಟುಕೊಳ್ಳುತ್ತವೆ. ಅರ್ಧ ಅಂದುಕೊಂಡರೆ ಕಲಾವಿದರಿಗೆ 30,000. ಅದರಲ್ಲಿ ಕ್ಯಾನ್ವಾಸ್, ಒಳ್ಳೆ ಬಣ್ಣ, ಫ್ರೇಮು, ಪ್ಯಾಕಿಂಗ್, ಸಾಗಣೆಗೆ ಎಂಟು ಹತ್ತು ಸಾವಿರ ಹೋಯಿತು ಅನ್ನಿ. ಉಳಿದದ್ದು 20,000. ಇಂಥ ಒಂದು ಚಿತ್ರಕ್ಕೆ ಒಂದು ತಿಂಗಳು ಹಿಡಿದರೆ ವರ್ಷಕ್ಕೆ ಹನ್ನೆರಡು. ಹನ್ನೆರಡೂ ಮಾರಾಟವಾಗುವ ಅದೃಷ್ಟ ಹೊಸಬರಿಗೆ ಸಿಗುವುದಿಲ್ಲ. ಐದು ಮಾರಿದರೆ ವರ್ಷಕ್ಕೆ ಒಂದು ಲಕ್ಷ. ಮಾರಾಟವಾಗದ ಏಳರ ಖರ್ಚು ಅದರಲ್ಲೇ ಕಳೆಯಬೇಕು. ಕೈಯಲ್ಲಿ ಮೂವತ್ತು ನಲವತ್ತು ಸಾವಿರ ಉಳಿದರೆ ಹೆಚ್ಚು. ಸ್ಟುಡಿಯೋ ಬಾಡಿಗೆಯನ್ನು ಇಲ್ಲಿ ಸೇರಿಸಿಯೇ ಇಲ್ಲ.

ಅರ್ಧ ಕಮಿಷನ್ ಅಂದರೆ ಸುಲಿಗೆ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಒಳ್ಳೆಯ ಗ್ಯಾಲರಿ ತಿಂಗಳ ಬಾಡಿಗೆ ಕಟ್ಟುತ್ತದೆ, ಕೆಟಲಾಗ್ ಮಾಡಿಸುತ್ತದೆ, ಕೊಳ್ಳುವವರನ್ನು ಕರೆತರುತ್ತದೆ, ಬೆಲೆ ಕುಸಿಯದಂತೆ ನೋಡಿಕೊಳ್ಳುತ್ತದೆ. ಬೆಂಗಳೂರಿನ ಸುಮುಖ ಗ್ಯಾಲರಿಯಂಥವು ದಶಕಗಟ್ಟಲೆ ಈ ಕೆಲಸ ಮಾಡಿವೆ. ತೊಂದರೆ ಇರುವುದು ಬೇರೆ ಕಡೆ. ಇಂಥ ಗ್ಯಾಲರಿಗಳು ಬೆರಳೆಣಿಕೆಯಷ್ಟು. ಅವು ಕೈಹಿಡಿಯಬಹುದಾದ ಕಲಾವಿದರೂ ಅಷ್ಟೇ. ಮಿಕ್ಕವರು ಬಾಡಿಗೆ ಹಾಲ್ ಹಿಡಿಯುತ್ತಾರೆ. ಅಲ್ಲಿ ಕಮಿಷನ್ ಇಲ್ಲ ಅಥವಾ ತೀರಾ ಕಡಿಮೆ. ಆದರೆ ಬಾಡಿಗೆ, ಆಮಂತ್ರಣ ಪತ್ರಿಕೆ, ಬಂದವರಿಗೆ ಕಾಫಿ, ಎಲ್ಲ ಕೈಯಿಂದಲೇ. ಕೊಳ್ಳುವವರನ್ನು ಕರೆತರುವವರು ಮಾತ್ರ ಯಾರೂ ಇರುವುದಿಲ್ಲ. ಉದ್ಘಾಟನೆಗೆ ಬರುವುದು ನೆಂಟರು, ಸಹಪಾಠಿಗಳು, ಮೇಷ್ಟ್ರುಗಳು.

ಬೆಲೆ ಕಟ್ಟುವುದರಲ್ಲೂ ಒಂದು ಬಿಕ್ಕಟ್ಟಿದೆ. ಹೊಸಬರಲ್ಲಿ ಎಷ್ಟೋ ಮಂದಿ ಚದರ ಇಂಚಿಗೆ ಇಷ್ಟು ಅಂತ ರೇಟು ಇಟ್ಟುಕೊಳ್ಳುತ್ತಾರೆ. ಒಮ್ಮೆ ಏರಿಸಿದ ರೇಟನ್ನು ಇಳಿಸುವ ಹಾಗಿಲ್ಲ. ಇಳಿಸಿದರೆ ಹೋದ ವರ್ಷ ಜಾಸ್ತಿ ಕೊಟ್ಟು ಕೊಂಡವರಿಗೆ ಮೋಸವಾದಂತೆ. ಅವರು ಮತ್ತೆ ಬರುವುದಿಲ್ಲ. ಅದಕ್ಕೇ ಜಾಣ ಕಲಾವಿದರು ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಒಂದೇ ಪ್ರದರ್ಶನ ಚೆನ್ನಾಗಿ ಮಾರಿತೆಂದು ಮೂರು ಪಟ್ಟು ಏರಿಸಿದವರು ಮುಂದಿನ ವರ್ಷ ಒಂದೂ ಮಾರಲಾಗದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಹಾಗಾದರೆ ಹಿಂದಿನವರು ಬದುಕಿದ್ದು ಹೇಗೆ?

ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಈಗ ಕೋಟಿಗಳಲ್ಲಿ ಮಾರಾಟವಾಗುವ ಹೆಸರುಗಳು ಎಳೆ ವಯಸ್ಸಿನಲ್ಲಿ ಚಿತ್ರ ಮಾರಿ ಬದುಕಲಿಲ್ಲ. ಬೇರೆ ಕೆಲಸ ಮಾಡಿ ಬದುಕಿದರು. ಆ ಕೆಲಸವೂ ಹೆಚ್ಚಿನ ಸಲ ಕೈಯಲ್ಲಿ ಕುಂಚ ಇರುವ ಕೆಲಸವೇ ಆಗಿತ್ತು.

ಹುಸೇನ್ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದರು. ಆಟಿಕೆ, ಪೀಠೋಪಕರಣಗಳ ವಿನ್ಯಾಸ ಮಾಡಿದರು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರೆದು ದೇಶದ ಮನೆಮನೆಯ ಗೋಡೆ ತಲುಪಿದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಹೇಳಿದರು. ಯೂಸುಫ್ ಅರಕ್ಕಲ್ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದುಕೊಂಡೇ ಕಲೆ ಕಲಿತರು.

ಇದನ್ನು ಯೋಜನೆ ಹಾಕಿ ಮಾಡಿದ ಊರೇ ಒಂದಿದೆ. ಮದ್ರಾಸಿನ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಚೋಳಮಂಡಲ ಕಲಾಗ್ರಾಮ ಶುರುಮಾಡಿದರು. ಮೈಸೂರಿನ ಎಸ್.ಜಿ. ವಾಸುದೇವ್ ಆ ಮೊದಲ ಗುಂಪಿನಲ್ಲಿ ಇದ್ದವರು. ಆ ಗುಂಪಿನ ಲೆಕ್ಕ ನೇರವಾಗಿತ್ತು. ದಿನದ ಸ್ವಲ್ಪ ಹೊತ್ತು ಬಾಟಿಕ್ (ಮೇಣ ಬಳಸಿ ಬಣ್ಣ ಹಾಕಿದ ಬಟ್ಟೆ), ಚರ್ಮ, ಲೋಹದ ಕರಕುಶಲ ವಸ್ತು ಮಾಡಿದರೆ ಊಟದ ದಾರಿ. ಉಳಿದ ಹೊತ್ತಿನಲ್ಲಿ ತಮಗೆ ಬೇಕಾದ ಚಿತ್ರ. ಕರಕುಶಲ ವಸ್ತುಗಳನ್ನು ಮಾರಿ ಬಂದ ಹಣದಿಂದಲೇ ಸಮುದ್ರದ ಪಕ್ಕ ಜಮೀನು ಕೊಂಡು ಮನೆ ಕಟ್ಟಿಕೊಂಡರು. ಚಿತ್ರ ಮಾರಾಟವಾಗಲೇಬೇಕು ಎಂಬ ಒತ್ತಡ ಇಲ್ಲದ್ದರಿಂದ ಕೊಳ್ಳುವವರ ರುಚಿಗೆ ತಕ್ಕಂತೆ ಬರೆಯುವ ಅಗತ್ಯ ಬೀಳಲಿಲ್ಲ. ಈ ಗುಂಪಿನಿಂದ ಅಷ್ಟು ಮಂದಿ ಗಟ್ಟಿ ಕಲಾವಿದರು ಬಂದಿದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಈಚಿನ ತಲೆಮಾರಿನ ದಾರಿ ಸ್ವಲ್ಪ ಬೇರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಓದಿದವರು. ಎಣ್ಣೆಬಣ್ಣದಲ್ಲಿ ಶುರುಮಾಡಿ 1990ರ ದಶಕದಲ್ಲಿ ಸಗಣಿ, ದಾರ, ಕುಂಕುಮಗಳತ್ತ ತಿರುಗಿದರು. ಮಾರಾಟದ ದೃಷ್ಟಿಯಿಂದ ನೋಡಿದರೆ ಅದು ಹುಚ್ಚು ನಿರ್ಧಾರ. ಯಾರು ಸಗಣಿಯ ಕೃತಿಯನ್ನು ಮನೆಯಲ್ಲಿಡುತ್ತಾರೆ ಹೇಳಿ? ಆದರೆ ಅದೇ ಕೆಲಸ ಅವರನ್ನು 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ, 2009ರಲ್ಲಿ ವೆನಿಸ್ ಬಿನಾಲೆಗೆ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಮೇಳ) ಕರೆದೊಯ್ದಿತು. 2019ರಲ್ಲಿ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂತು.

ಎನ್.ಎಸ್. ಹರ್ಷ ಮೈಸೂರಿನ ಕಾವಾ ಕಲಾಶಾಲೆಯಲ್ಲೂ ಬರೋಡಾದಲ್ಲೂ ಓದಿ ಮೈಸೂರಿಗೇ ವಾಪಸ್ ಬಂದರು. 2008ರಲ್ಲಿ ಬ್ರಿಟನ್ನಿನ ಆರ್ಟೆಸ್ ಮುಂಡಿ ಪ್ರಶಸ್ತಿ ಗೆದ್ದರು. ಅದರ ಮೊತ್ತ 40,000 ಪೌಂಡ್. ಅದೇ ವರ್ಷದ ಅವರ ಆರು ಫಲಕಗಳ ಒಂದು ದೊಡ್ಡ ಚಿತ್ರದಲ್ಲಿ ಎರಡು ಸಾವಿರದಷ್ಟು ಜನ ಸಾಲುಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದಾರೆ. ಒಬ್ಬರ ಮುಖ, ಬಟ್ಟೆ ಇನ್ನೊಬ್ಬರಂತಿಲ್ಲ. ನಮ್ಮೂರ ಸಭೆಗಳನ್ನು ನೋಡಿದವರು ಮಾತ್ರ ಬರೆಯಬಹುದಾದ ಚಿತ್ರ ಅದು. 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂ ಅವರ ಇಷ್ಟು ವರ್ಷದ ಕೆಲಸವನ್ನೆಲ್ಲ ಸೇರಿಸಿ ಪ್ರದರ್ಶನ ಮಾಡಿತು.

ಇವರಿಬ್ಬರ ಹೆಸರು ಬೆಳೆದದ್ದು ಹರಾಜಿನಿಂದಲ್ಲ. ಪ್ರದರ್ಶನಕ್ಕೆ ಕೃತಿ ಆರಿಸುವ ಕ್ಯುರೇಟರುಗಳು, ಬಿನಾಲೆಗಳು, ಮ್ಯೂಸಿಯಂಗಳು, ಕಲಾವಿದರನ್ನು ಕರೆಸಿ ಕೆಲಸ ಮಾಡಲು ಜಾಗ ಕೊಡುವ ರೆಸಿಡೆನ್ಸಿಗಳು ಅವರನ್ನು ಮುಂದೆ ತಂದವು. ಬೆಲೆ ಆಮೇಲೆ ಬಂತು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಜಗತ್ತಿನ ಸುಮಾರು ಐದು ಲಕ್ಷ ಕಲಾವಿದರ ಪ್ರದರ್ಶನಗಳ ದಾಖಲೆ ನೋಡಿ ಇದನ್ನೇ ಕಂಡುಕೊಂಡಿತ್ತು. ಶುರುವಿನಲ್ಲೇ ದೊಡ್ಡ ಸಂಸ್ಥೆಗಳ ಬಾಗಿಲು ತೆರೆದವರಿಗೆ ಜೀವನಪೂರ್ತಿ ಬಾಗಿಲು ತೆರೆದಿರುತ್ತದೆ. ಅಂಚಿನಲ್ಲಿ ಶುರುಮಾಡಿದವರಲ್ಲಿ ಬಹಳಷ್ಟು ಮಂದಿ ಕೆಲವೇ ವರ್ಷಗಳಲ್ಲಿ ಪ್ರದರ್ಶನವನ್ನೇ ಬಿಟ್ಟುಬಿಡುತ್ತಾರೆ. ಪ್ರತಿಭೆ ಬೇಡ ಅಂತ ಇದರ ಅರ್ಥ ಅಲ್ಲ. ಪ್ರತಿಭೆ ಇದ್ದೂ ಗದಗದಲ್ಲೋ ಕಲಬುರಗಿಯಲ್ಲೋ ಕೂತವರು ಕಣ್ಣಿಗೆ ಬೀಳುವ ಮೊದಲೇ ಸೋತುಹೋಗಬಹುದು ಅಂತ ಅರ್ಥ.

ಹೊಟ್ಟೆಪಾಡಿನ ಕೆಲಸವೇ ಕರಗುತ್ತಿದೆ

ಕಣ್ಣಿಗೆ ಬೀಳುವವರೆಗೆ ಹತ್ತು ಹದಿನೈದು ವರ್ಷ ಬೇಕು. ಆ ವರ್ಷಗಳನ್ನು ದಾಟಿಸುತ್ತಿದ್ದದ್ದು ಮೇಲೆ ಹೇಳಿದ ಹೊಟ್ಟೆಪಾಡಿನ ಕೆಲಸ. ನನ್ನ ಪ್ರಕಾರ ಇವತ್ತಿನ ನಿಜವಾದ ಸುದ್ದಿ ಇಲ್ಲಿದೆ, ಹರಾಜಿನ ಹಾಲ್‌ನಲ್ಲಲ್ಲ.

ಮೊದಲು ಹೋದದ್ದು ಹೋರ್ಡಿಂಗ್. ಫ್ಲೆಕ್ಸ್ ಬಂದ ಕೆಲವೇ ವರ್ಷಗಳಲ್ಲಿ ಸಿನಿಮಾ ಬ್ಯಾನರ್ ಬರೆಯುವವರ ಕೈ ಖಾಲಿಯಾಯಿತು. 2009ರ ಸುಮಾರಿಗೆ ಬಿಬಿಎಂಪಿ ಬೆಂಗಳೂರಿನ ಗೋಡೆಗಳ ಮೇಲೆ ಚಿತ್ರ ಬರೆಸಿದಾಗ ಏಣಿ ಹತ್ತಿದವರಲ್ಲಿ ಹೀಗೆ ಕೆಲಸ ಕಳೆದುಕೊಂಡ ಬ್ಯಾನರ್ ಕಲಾವಿದರೂ ಇದ್ದರು. ಜೋಗ ಜಲಪಾತ, ಯಕ್ಷಗಾನ, ಹಂಪಿಯ ಕಲ್ಲಿನ ರಥ ಅಂತ ಬರೆದರು. ಅದನ್ನು ಕಲೆಯೇ ಅಲ್ಲ ಅಂತ ಮೂಗುಮುರಿದವರೂ ಉಂಟು. ಆದರೆ ಊರಿನ ಹಣದಲ್ಲಿ ಚಿತ್ರಕಾರರಿಗೆ ದಿನಗೂಲಿ ಸಿಕ್ಕಿದ ಅಪರೂಪದ ಸಂದರ್ಭ ಅದು.

ಮುಂದಿನ ಸರದಿ ಪುಸ್ತಕದ ಮುಖಪುಟ, ಕಥೆಯ ಜೊತೆಗಿನ ಚಿತ್ರ, ಮದುವೆ ಕರೆಯೋಲೆ, ಜಾಹೀರಾತು. ವಾರಪತ್ರಿಕೆಗಳು ತೆಳ್ಳಗಾದಂತೆ ಕಥೆಗೆ ಚಿತ್ರ ಬರೆಸುವುದು ಕಡಿಮೆಯಾಯಿತು. ಈಗ ಎರಡು ಸಾಲು ಟೈಪ್ ಮಾಡಿದರೆ ಎಐ ಚಿತ್ರ ಕೊಡುತ್ತದೆ. ಚಿಕ್ಕ ಪ್ರಕಾಶಕರಿಗೆ ಅದರಿಂದ ಉಳಿಯುವುದು ಎರಡು ಮೂರು ಸಾವಿರ ಇರಬಹುದು. ಆ ಎರಡು ಮೂರು ಸಾವಿರವೇ ಎಳೆಯ ಕಲಾವಿದರೊಬ್ಬರ ತಿಂಗಳ ಬಣ್ಣದ ಖರ್ಚು.

ಡ್ರಾಯಿಂಗ್ ಮೇಷ್ಟ್ರ ಕೆಲಸದ ಕಥೆಯೂ ಇದೇ. ಕರ್ನಾಟಕದ ಎಷ್ಟೋ ಕಲಾವಿದರು ಹೈಸ್ಕೂಲಿನಲ್ಲಿ ಪಾಠ ಹೇಳುತ್ತ, ಸಂಜೆ ಮತ್ತು ರಜೆಯಲ್ಲಿ ತಮ್ಮ ಚಿತ್ರ ಬರೆದವರು. ಆ ಹುದ್ದೆಗಳು ನಿವೃತ್ತಿಯಿಂದ ಖಾಲಿಯಾದಾಗ ಬೇಗ ತುಂಬುವುದಿಲ್ಲ. ಒಂದು ಹುದ್ದೆ ಖಾಲಿ ಉಳಿದರೆ ನಷ್ಟ ಎರಡು ಕಡೆ. ಒಬ್ಬ ಕಲಾವಿದರ ಸಂಬಳ ಹೋಗುತ್ತದೆ. ಚಿತ್ರ ನೋಡಲು ಕಲಿಯಬಹುದಾಗಿದ್ದ ಮಕ್ಕಳೂ ಹೋಗುತ್ತಾರೆ. ಇವತ್ತು ಚಿತ್ರ ನೋಡಲು ಕಲಿಯದವರು ನಾಳೆ ಚಿತ್ರ ಕೊಳ್ಳುತ್ತಾರೆಯೇ?

ದಾಖಲೆ ಬೆಲೆ ಎಲ್ಲರನ್ನೂ ಎತ್ತುತ್ತದೆಯೇ?

ಹರಾಜು ಸಂಸ್ಥೆಗಳು, ದೊಡ್ಡ ಗ್ಯಾಲರಿಗಳ ವಾದ ಹೀಗಿದೆ. 118 ಕೋಟಿಯ ಸುದ್ದಿ ಓದಿ ಹೊಸ ಶ್ರೀಮಂತರು ಕಲೆಯ ಕಡೆ ತಿರುಗುತ್ತಾರೆ. ಹುಸೇನ್ ಕೈಗೆಟುಕದವರು ಬದುಕಿರುವವರ ಚಿತ್ರ ಕೊಳ್ಳುತ್ತಾರೆ. ಹೊಸ ಮ್ಯೂಸಿಯಂಗಳು ಬರುತ್ತವೆ. ಇದರಲ್ಲಿ ಸತ್ಯವಿದೆ. 2023ರಲ್ಲಿ ಮುಂಬೈಯಲ್ಲಿ ಆರ್ಟ್ ಮುಂಬೈ ಮೇಳ ಶುರುವಾಯಿತು. ಅದೇ ವರ್ಷ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಎಂಬ ಖಾಸಗಿ ಕಲಾ ಮ್ಯೂಸಿಯಂ ಬಾಗಿಲು ತೆರೆಯಿತು. ಹಣ ಮತ್ತು ಆಸಕ್ತಿ ಎರಡೂ ಇಲ್ಲದಿದ್ದರೆ ಇವು ಆಗುತ್ತಿರಲಿಲ್ಲ.

ಕಲಾವಿದರಲ್ಲಿ ಹಲವರ ಪ್ರತಿವಾದ ಬೇರೆ. ಬಂದ ಹಣವೆಲ್ಲ ತೀರಿಹೋದ ಹತ್ತಿಪ್ಪತ್ತು ಹೆಸರುಗಳ ಸುತ್ತಲೇ ತಿರುಗುತ್ತದೆ. ಕಲೆಯನ್ನು ಹೂಡಿಕೆ ಎಂದು ನೋಡುವವರು ಅಪಾಯ ಇಲ್ಲದ ಹೆಸರನ್ನೇ ಹುಡುಕುತ್ತಾರೆ, ಹೊಸಬರನ್ನಲ್ಲ ಎನ್ನುತ್ತಾರೆ.

ಇದನ್ನು ತೂಗಿ ನೋಡಲು ಇತ್ತೀಚಿನ ಇತಿಹಾಸವೇ ಇದೆ. 2005ರಲ್ಲಿ ತೈಯಬ್ ಮೆಹ್ತಾ ಅವರ ‘ಮಹಿಷಾಸುರ’ ಹತ್ತು ಲಕ್ಷ ಡಾಲರ್ ದಾಟಿತು. ಆಮೇಲಿನ ಮೂರು ವರ್ಷ ಬದುಕಿರುವವರ, ಎಳೆಯರ ಚಿತ್ರಗಳಿಗೂ ಬೆಲೆ ಹುಚ್ಚಾಪಟ್ಟೆ ಏರಿತು. 2006ರಲ್ಲಿ ಓಸಿಯಾನ್ಸ್ ಎಂಬ ಸಂಸ್ಥೆ ಷೇರು ಫಂಡಿನ ಹಾಗೆ ಕಲಾ ಫಂಡ್ ಮಾಡಿ ನೂರು ಕೋಟಿಗೂ ಮೀರಿ ಎತ್ತಿತು. 2008ರ ಆರ್ಥಿಕ ಕುಸಿತ ಬಂತು, ಕೊಳ್ಳುವವರು ಮಾಯವಾದರು. ಫಂಡ್ ಹೂಡಿಕೆದಾರರಿಗೆ ಹೇಳಿದ ಕಾಲಕ್ಕೆ ಹಣ ಕೊಡಲಾಗದೆ, ಕೊನೆಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮಧ್ಯೆ ಬರಬೇಕಾಯಿತು. ಹಳೆಯ ದೊಡ್ಡ ಹೆಸರುಗಳ ಬೆಲೆ ಕೆಲವು ವರ್ಷಗಳಲ್ಲಿ ಚೇತರಿಸಿಕೊಂಡಿತು. ಎಳೆಯರಲ್ಲಿ ಎಷ್ಟೋ ಮಂದಿಯ ಬೆಲೆ ಚೇತರಿಸಿಕೊಳ್ಳಲೇ ಇಲ್ಲ. ಏರಿದ ರೇಟನ್ನು ಇಳಿಸುವ ಹಾಗಿಲ್ಲ ಅಂತ ಆಗಲೇ ಹೇಳಿದೆನಲ್ಲ, ಅದೇ ಕಾರಣ. ಹಾಗಾಗಿ ದಾಖಲೆ ಬೆಲೆಯಿಂದ ಹೊಸಬರಿಗೆ ಲಾಭ ಆಗುವುದೇ ಇಲ್ಲ ಅನ್ನಲಾಗದು. ಆದರೆ ಏರಿಕೆಯ ಪಾಲು ಅವರಿಗೆ ಕೊನೆಗೆ ಬರುತ್ತದೆ. ಇಳಿಕೆಯ ಪೆಟ್ಟು ಮೊದಲು ಬೀಳುತ್ತದೆ.

ಕಾನೂನಿನಲ್ಲಿದೆ, ಕೈಗೆ ಬರುವುದಿಲ್ಲ

ಮರುಮಾರಾಟದಲ್ಲಿ ಕಲಾವಿದರಿಗೆ ಪಾಲು ಬೇಡವೇ ಎಂಬ ಪ್ರಶ್ನೆ ಹಳೆಯದು. ಫ್ರಾನ್ಸ್ 1920ರಲ್ಲೇ ಇದಕ್ಕೆ ಕಾನೂನು ಮಾಡಿತು. ಬ್ರಿಟನ್ 2006ರಲ್ಲಿ ಮಾಡಿತು. ಅಲ್ಲಿ ಪಾಲು ಶೇ. 4ರಿಂದ ಶುರುವಾಗಿ, ಬೆಲೆ ಏರಿದಂತೆ ಪ್ರಮಾಣ ಇಳಿಯುತ್ತದೆ. ಒಂದು ಮಾರಾಟಕ್ಕೆ ಹೆಚ್ಚೆಂದರೆ 12,500 ಪೌಂಡ್. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಇಂಥ ಕಾನೂನಿಲ್ಲ. ಕ್ಯಾಲಿಫೋರ್ನಿಯಾ ಮಾಡಿಕೊಂಡಿದ್ದ ಕಾನೂನನ್ನೂ 2018ರಲ್ಲಿ ನ್ಯಾಯಾಲಯ ಹೆಚ್ಚುಕಡಿಮೆ ನಿರರ್ಥಕ ಮಾಡಿತು. ‘ಗ್ರಾಮ ಯಾತ್ರಾ’ ಮಾರಾಟವಾದದ್ದು ನ್ಯೂಯಾರ್ಕ್‌ನಲ್ಲಿ ಎಂಬುದನ್ನು ಇಲ್ಲಿ ನೆನಪಿಡಬೇಕು.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, ಭಾರತದಲ್ಲೂ ಈ ಕಾನೂನಿದೆ. 1994ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯ್ದೆಗೆ 53ಎ ಸೆಕ್ಷನ್ ಸೇರಿತು. ಮೂಲ ಚಿತ್ರ, ಶಿಲ್ಪ, ರೇಖಾಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಸಿಗಬೇಕು. ಪಾಲು ಶೇ. 10 ಮೀರಬಾರದು. ಕೃತಿಸ್ವಾಮ್ಯ ಇರುವವರೆಗೆ, ಅಂದರೆ ಕಲಾವಿದರು ತೀರಿಹೋದ ಮೇಲೂ 60 ವರ್ಷ, ಈ ಹಕ್ಕು ಇರುತ್ತದೆ. ಶೇ. 10 ಅಂತಲೇ ಇಟ್ಟುಕೊಂಡರೆ, ಒಂದು ಕೋಟಿಗೆ ಮರುಮಾರಾಟವಾದ ಚಿತ್ರದಿಂದ ಹತ್ತು ಲಕ್ಷ.

ಮತ್ತೆ ಯಾಕೆ ಯಾರಿಗೂ ಬರುತ್ತಿಲ್ಲ? ಪಾಲು ಎಷ್ಟು ಅಂತ ಕಾಯ್ದೆಯೇ ಹೇಳಲಿಲ್ಲ. ಅದನ್ನು ನಿಗದಿ ಮಾಡುವ ಕೆಲಸ ಕೃತಿಸ್ವಾಮ್ಯ ಮಂಡಳಿಗೆ ಬಿಟ್ಟಿತು. 2017ರಲ್ಲಿ ಆ ಮಂಡಳಿಯನ್ನು ಇನ್ನೊಂದು ಮೇಲ್ಮನವಿ ಮಂಡಳಿಗೆ ಸೇರಿಸಲಾಯಿತು. 2021ರಲ್ಲಿ ಆ ಮೇಲ್ಮನವಿ ಮಂಡಳಿಯೇ ರದ್ದಾಗಿ ಕೆಲಸ ನ್ಯಾಯಾಲಯಗಳಿಗೆ ಹೋಯಿತು. ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ರಾಯಧನ ಸಂಗ್ರಹಿಸಲು ಐಪಿಆರ್‌ಎಸ್ ಎಂಬ ಸಂಘ ಇದೆ. ಚಿತ್ರಕಾರರ ಪರವಾಗಿ ಮರುಮಾರಾಟದ ಪಾಲು ಕೇಳಿ ವಸೂಲಿ ಮಾಡುವ ಅಂಥ ಬಲವಾದ ಸಂಘ ಇಲ್ಲ. ಒಬ್ಬೊಬ್ಬರೇ ಕೋರ್ಟು ಹತ್ತಿ ಕೇಳಬೇಕೆಂದರೆ ಯಾರು ಕೇಳುತ್ತಾರೆ?

ವಿರೋಧಿಸುವವರ ಮಾತಿನಲ್ಲೂ ತಿರುಳಿದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷದ ಹಿಂದೆ ಸೈಟ್ ಮಾರಿದವರು ಇವತ್ತಿನ ಬೆಲೆಯಲ್ಲಿ ಪಾಲು ಕೇಳುವ ಹಾಗಿಲ್ಲ, ಚಿತ್ರಕ್ಕೇಕೆ ಬೇರೆ ನ್ಯಾಯ ಅಂತ ಅವರು ಕೇಳುತ್ತಾರೆ. ಪಾಲಿನ ಭಯಕ್ಕೆ ಮಾರಾಟ ಗುಟ್ಟಾಗಿ ಅಥವಾ ವಿದೇಶದಲ್ಲಿ ನಡೆಯುತ್ತದೆ ಎನ್ನುತ್ತಾರೆ. ಮರುಮಾರಾಟವಾಗುವುದೇ ಹೆಸರಾದವರ ಚಿತ್ರ, ಆದ್ದರಿಂದ ಲಾಭವೂ ಅವರಿಗೇ ಎನ್ನುತ್ತಾರೆ. ಕೊನೆಯ ಮಾತು ಸರಿ. ಮೊದಲನೆಯದನ್ನು ನಾನು ಒಪ್ಪುವುದಿಲ್ಲ. ಸೈಟಿನ ಬೆಲೆ ಏರುವುದು ಮೆಟ್ರೋ, ರಸ್ತೆಯಿಂದ. ಮಾರಿದವರ ಶ್ರಮ ಅದರಲ್ಲಿಲ್ಲ. ಕಲಾವಿದರ ಹಳೆಯ ಚಿತ್ರಕ್ಕೆ ಬೆಲೆ ಏರುವುದು ಅವರು ಆಮೇಲೆ ನಲವತ್ತು ವರ್ಷ ಬಿಡದೆ ಕೆಲಸ ಮಾಡಿದ್ದರಿಂದ. ಆ ಶ್ರಮಕ್ಕೆ ಪಾಲು ಕೇಳುವುದು ನ್ಯಾಯವೇ. ಆದರೆ ಇದರಿಂದ ಹೊಸಬರ ಊಟದ ಪ್ರಶ್ನೆ ಬಗೆಹರಿಯುವುದಿಲ್ಲ.

ಜಿಎಸ್‌ಟಿ ಇಳಿದದ್ದರಿಂದ ಯಾರಿಗೆ ಅನುಕೂಲ?

ಹತ್ತು ಲಕ್ಷದ ಚಿತ್ರಕ್ಕೆ ಮೊದಲು 1,20,000 ತೆರಿಗೆ, ಈಗ 50,000. ಗ್ಯಾಲರಿಯಲ್ಲಿ ಕೊಳ್ಳುವವರಿಗೆ ಇದು ದೊಡ್ಡ ಉಳಿತಾಯ. ಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದವರು ಮುಂದೆ ಬರಬಹುದು. ಆದರೆ ವಹಿವಾಟು ಚಿಕ್ಕದಾಗಿ, ಜಿಎಸ್‌ಟಿ ನೋಂದಣಿಯೇ ಬೇಕಿಲ್ಲದ ಕಲಾವಿದರು ನೇರವಾಗಿ ಮಾರುವ ಚಿತ್ರಕ್ಕೆ ಮೊದಲೂ ತೆರಿಗೆ ಇರಲಿಲ್ಲ. ಅವರಿಗೆ ಇದರಿಂದ ಏನೂ ಬದಲಾಗಿಲ್ಲ.

ನಮ್ಮಲ್ಲಿ ಏನಿದೆ, ಏನಿಲ್ಲ

ಪ್ರತಿ ಜನವರಿಯಲ್ಲಿ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಚಿತ್ರಸಂತೆ ನಡೆಸುತ್ತದೆ. ಸಾವಿರಕ್ಕೂ ಮೀರಿ ಕಲಾವಿದರು, ಲಕ್ಷಗಟ್ಟಲೆ ಜನ. ಕೆಲವು ನೂರು ರೂಪಾಯಿಯ ಚಿತ್ರವೂ ಇರುತ್ತದೆ, ಲಕ್ಷದ್ದೂ ಇರುತ್ತದೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಅಳುಕುವವರು ಇಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಬಾಗಲಕೋಟೆಯಿಂದ ರಾತ್ರಿ ಬಸ್ಸಿನಲ್ಲಿ ಚಿತ್ರದ ಕಟ್ಟು ಹೊತ್ತು ಬಂದವರಿಗೂ ಇದು ಮೊದಲ ಗಿರಾಕಿ ಸಿಗುವ ಜಾಗ. ಇದರ ಬೆಲೆ ದೊಡ್ಡದು.

ಮಿತಿಯೂ ಇದೆ. ಒಂದೇ ದಿನ, ನೆತ್ತಿಯ ಮೇಲೆ ಬಿಸಿಲು, ಎದುರಿಗೆ ಚೌಕಾಸಿ. ‘ಎರಡು ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಾ?’ ಎಂಬುದು ಅಲ್ಲಿ ಸಾಮಾನ್ಯವಾಗಿ ಕೇಳುವ ಮಾತು. ಅಲ್ಲಿ ಬೇಗ ಹೋಗುವುದು ಬುದ್ಧನ ಮುಖ, ಕುದುರೆ, ಗಣಪತಿ, ಹಳ್ಳಿಯ ಹೆಂಗಸರು. ಬೇರೆ ಏನಾದರೂ ಹುಡುಕುತ್ತಿರುವವರು ಒಂದು ವರ್ಷ ಮಾರಾಟವಾಗದೆ ವಾಪಸ್ ಹೋದರೆ ಮರುವರ್ಷ ಬುದ್ಧನನ್ನೇ ಬರೆದು ತರುವ ಸಾಧ್ಯತೆ ಜಾಸ್ತಿ. ತಪ್ಪು ಅವರದ್ದಲ್ಲ. ಉಳಿದ 364 ದಿನ ಅವರ ಕೆಲಸ ನೋಡಲು ಜಾಗವೇ ಇಲ್ಲ ಎಂಬುದು ತೊಂದರೆ.

ಅದಕ್ಕೇ 2016ರಲ್ಲಿ ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಸಂಸ್ಥೆಯ ಉಸ್ತುವಾರಿಗೆ ಕೊಡುವ ಮಾತು ಬಂದಾಗ ಕಲಾವಿದರು ಬೀದಿಗಿಳಿದರು. ಹೊರಗಿನವರಿಗೆ ಇದು ಸುಮ್ನೆ ಹಠ ಅನ್ನಿಸಿತ್ತು. ಖಾಸಗಿಯವರು ಚೆನ್ನಾಗಿ ನಡೆಸುತ್ತಾರಲ್ಲ, ನಿಮಗೇನು ಕಷ್ಟ ಅಂತ ಕೇಳಿದರು. ಕಷ್ಟ ಏನೆಂದರೆ, ಹೆಸರಿಲ್ಲದ ಕಲಾವಿದರಿಗೆ ನಗರದ ನಡುವೆ ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಹಾಲ್ ಅದು. ಯಾರ ಚಿತ್ರ ತೂಗಬೇಕು ಎಂಬ ನಿರ್ಧಾರ ಇನ್ನೊಬ್ಬರ ಕೈಗೆ ಹೋದರೆ ಅಂಚಿನಲ್ಲಿರುವವರಿಗೆ ಇದ್ದ ಒಂದು ಬಾಗಿಲೂ ಮುಚ್ಚುತ್ತದೆ. ಆ ಭಯಕ್ಕೆ ಆಧಾರವಿತ್ತು.

ಬೆಂಗಳೂರು ಬಿಟ್ಟರೆ ಸ್ಥಿತಿ ಇನ್ನೂ ಬಿಗಿ. ಕಲಬುರಗಿ, ಗದಗ, ಧಾರವಾಡ, ದಾವಣಗೆರೆ, ಮೈಸೂರುಗಳಲ್ಲಿ ಹಳೆಯ ಕಲಾಶಾಲೆಗಳಿವೆ. ಕಲಿಸುವ ಜಾಗ ಇದೆ, ಕೊಳ್ಳುವ ಜಾಗ ಇಲ್ಲ. ಪ್ರದರ್ಶನವಾದರೆ ಅದರ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ವಿಮರ್ಶಕರೂ ಕಡಿಮೆ. ಬರಹ ಇಲ್ಲದಿದ್ದರೆ ಕ್ಯುರೇಟರ್ ಕಣ್ಣಿಗೆ ಬೀಳುವುದು ಕಷ್ಟ. ಅವರ ಕಣ್ಣಿಗೆ ಬೀಳದಿದ್ದರೆ ಮ್ಯೂಸಿಯಂ ದೂರ.

ಮುಂದೆ ಏನಾಗಬಹುದು?

ದಾಖಲೆಗಳು ಇನ್ನೂ ಬರುತ್ತವೆ. ದುಡ್ಡಿರುವವರು ಜಾಸ್ತಿಯಾಗಿದ್ದಾರೆ, ಹಳೆಯ ಗಟ್ಟಿ ಚಿತ್ರಗಳು ಕಡಿಮೆ. ಬದುಕಿರುವವರಲ್ಲಿ ಹತ್ತಿಪ್ಪತ್ತು ಮಂದಿಯ ಬೆಲೆಯೂ ಜೊತೆಗೆ ಏರಬಹುದು. ಉಳಿದವರ ವಿಷಯದಲ್ಲಿ ಎರಡು ಸಾಧ್ಯತೆಗಳಿವೆ. ಹೊಟ್ಟೆಪಾಡಿನ ಕೆಲಸ ಹೀಗೇ ಕರಗಿದರೆ ಹತ್ತು ಹದಿನೈದು ವರ್ಷ ಕಾಯುವ ಶಕ್ತಿ ಮನೆಯಲ್ಲಿ ಅನುಕೂಲ ಇರುವವರಿಗೆ ಮಾತ್ರ ಉಳಿಯುತ್ತದೆ. ಬ್ಯಾನರ್ ಬರೆದು, ಪಾಠ ಹೇಳಿ ಮೇಲೆ ಬಂದಂಥವರು ಮುಂದೆ ಬರಲಾರರು. ಆಗ ಚಿತ್ರಗಳಲ್ಲಿ ಕಾಣುವ ಬದುಕೂ ಕಿರಿದಾಗುತ್ತದೆ.

ಇನ್ನೊಂದು ದಾರಿಗೆ ಬೇಕಾದದ್ದು ಅಂಥ ದೊಡ್ಡ ಮೊತ್ತವೇನಲ್ಲ. ಖಾಲಿ ಬಿದ್ದ ಡ್ರಾಯಿಂಗ್ ಮೇಷ್ಟ್ರ ಹುದ್ದೆ ತುಂಬಬಹುದು. ಜಿಲ್ಲಾ ಕೇಂದ್ರದಲ್ಲಿ ಕಡಿಮೆ ಬಾಡಿಗೆಯ ಒಂದು ಹಾಲ್ ಇಡಬಹುದು. ಹೊಸ ಸರ್ಕಾರಿ ಆಸ್ಪತ್ರೆ, ಬಸ್ ನಿಲ್ದಾಣ, ಮೆಟ್ರೋ ನಿಲ್ದಾಣ ಕಟ್ಟುವಾಗ ಆ ಭಾಗದ ಕಲಾವಿದರಿಂದ ಹಣ ಕೊಟ್ಟು ಚಿತ್ರ ಬರೆಸಬಹುದು. 53ಎ ಅಡಿ ಪಾಲು ಇಷ್ಟು ಅಂತ ನಿಗದಿಯಾಗಬೇಕಾದರೆ ಕಲಾವಿದರು ಸಂಘ ಕಟ್ಟಿ ಒಟ್ಟಾಗಿ ಕೇಳಬೇಕು. ಅದಾಗುವವರೆಗೆ ಮಾರಾಟದ ರಸೀದಿಯೇ ಅವರ ಕೈಯಲ್ಲಿರುವ ಸಾಧನ. ಚಿತ್ರದ ಫೋಟೋ, ಅಳತೆ, ವರ್ಷ, ಬೆಲೆ, ಕೊಂಡವರ ಹೆಸರು ಅದರಲ್ಲಿರಬೇಕು. ಮತ್ತೆ ಮಾರಿದರೆ ಕಲಾವಿದರಿಗೆ ತಿಳಿಸಿ ಇಷ್ಟು ಪಾಲು ಕೊಡುವುದು ಎಂಬ ಒಂದು ಸಾಲು, ಎರಡೂ ಕಡೆಯವರ ಸಹಿ. ಎಲ್ಲ ಗಿರಾಕಿಗಳೂ ಒಪ್ಪಲಾರರು. ಒಪ್ಪಿದವರ ಮಟ್ಟಿಗಾದರೂ ಚಿತ್ರ ಎಲ್ಲಿ ಹೋಯಿತು ಎಂಬುದಕ್ಕೆ ದಾಖಲೆ ಇರುತ್ತದೆ, ನಾಳೆ ಪಾಲು ಕೇಳಲು ಕೈಯಲ್ಲಿ ಒಂದು ಕಾಗದ ಇರುತ್ತದೆ.